ನರಕೋಶಗಳಿಗೆ ಅನ್ನವಿಕ್ಕುವ ಪ್ರೊಟೀನ್‌ಗಳು

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಚರ್ಮದ ಕೋಶಗಳು, ರಕ್ತಕಣಗಳು ಸತ್ತು ಅವುಗಳ ಜಾಗದಲ್ಲಿ ಹೊಸವು ಹುಟ್ಟುತ್ತಲೇ ಇರುತ್ತವೆ. ನರಕೋಶಗಳಿಗೆ ಆ ಭಾಗ್ಯವಿಲ್ಲ. ತಾಯಿಯ ಗರ್ಭದಲ್ಲಿದ್ದಾಗ ಮೂಡಿದ ಕೋಶಗಳಲ್ಲಿ ಬಹುಪಾಲು ಮನುಷ್ಯನ ಆಯುಷ್ಯದುದ್ದಕ್ಕೂ ದುಡಿಯಬೇಕು. ಸತ್ತರೆ ಆ ಸ್ಥಾನ ತೆರವಾಗಿಯೇ ಉಳಿಯುತ್ತದೆ. ಪಾರ್ಕಿನ್ಸನ್, ಅಲ್ಝೈಮರ್ ಮುಂತಾದ ಕಾಯಿಲೆಗಳು ವೈದ್ಯಲೋಕವನ್ನು ಕಂಗೆಡಿಸಿರುವುದಕ್ಕೆ ಮುಖ್ಯ ಕಾರಣ ಇದೇ.

ಇಷ್ಟು ದೀರ್ಘಕಾಲ ನರಕೋಶವೊಂದನ್ನು ಬದುಕಿಸಿಡುವುದು ಯಾವುದು? ರಕ್ತ ತಂದೊದಗಿಸುವ ಆಮ್ಲಜನಕ ಮತ್ತು ಗ್ಲೂಕೋಸ್ ಮಾತ್ರ ಸಾಲದು. ಅಕ್ಕಪಕ್ಕದ ಕೋಶಗಳು, ನರತಂತು ತಲುಪುವ ಅಂಗಾಂಶಗಳು ಅತ್ಯಲ್ಪ ಪ್ರಮಾಣದಲ್ಲಿ ಸ್ರವಿಸುವ ಕೆಲವು ಪ್ರೊಟೀನ್‌ಗಳು ಅದಕ್ಕೆ ಬೇಕೇ ಬೇಕು. ಇವುಗಳಿಗೆ ನರಪೋಷಕ ಪ್ರೊಟೀನ್‌ಗಳೆಂದು ಹೆಸರು. ಇವು ನರಕೋಶವನ್ನು ಬೆಳೆಸುತ್ತವೆ, ಅದರ ತಂತು ಯಾವ ದಿಕ್ಕಿಗೆ ಚಾಚಬೇಕೆಂಬುದನ್ನು ಪ್ರಭಾವಿಸುತ್ತವೆ, ಎಲ್ಲಕ್ಕಿಂತ ಮಿಗಿಲಾಗಿ ಅದು ಸಾಯದಂತೆ ಕಾಯುತ್ತವೆ. ಇವುಗಳಲ್ಲಿ ಮೊದಲು ಕಂಡುಬಂದದ್ದು ನರ ಬೆಳವಣಿಗೆ ಅಂಶ, ಅಂದರೆ ಎನ್‌ಜಿಎಫ್. ಅದರ ಶೋಧನೆ ಆರಂಭವಾದದ್ದು ಯುದ್ಧಕಾಲದ ಇಟಲಿಯಲ್ಲಿ, ಒಂದು ಮನೆಯ ಮಲಗುವ ಕೋಣೆಯಲ್ಲಿ.

ಮಲಗುವ ಕೋಣೆಯ ಪ್ರಯೋಗಾಲಯ

ರೀಟಾ ಲೆವಿ-ಮೊಂಟಾಲ್ಚಿನಿ 1909ರಲ್ಲಿ ಟ್ಯೂರಿನ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಉನ್ನತ ವ್ಯಾಸಂಗ ತರವಲ್ಲವೆಂದು ನಂಬಿದ್ದ ತಂದೆಯನ್ನು ಒಪ್ಪಿಸಿ ವೈದ್ಯಕೀಯ ಓದಿ, 1936ರಲ್ಲಿ ಪದವಿ ಪಡೆದರು. ಅವರ ಗುರು, ಅಂಗರಚನಾ ತಜ್ಞ ಜುಸೆಪೆ ಲೆವಿ. ಈ ಒಬ್ಬ ಪ್ರಾಧ್ಯಾಪಕರ ಶಿಷ್ಯರಲ್ಲಿ ಮೂವರು ಮುಂದೆ ನೊಬೆಲ್ ಪಡೆದರೆಂಬುದು ವಿಜ್ಞಾನ ಚರಿತ್ರೆಯ ಅಪರೂಪದ ಸಂಗತಿ.

1938ರಲ್ಲಿ ಮುಸೊಲಿನಿ ಸರ್ಕಾರ ಜನಾಂಗೀಯ ಕಾಯ್ದೆಗಳನ್ನು ಜಾರಿಗೆ ತಂದಿತು. ಯಹೂದಿಗಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು. ರೀಟಾ ಕೆಲಕಾಲ ಬ್ರಸೆಲ್ಸ್‌ನಲ್ಲಿ ಕೆಲಸ ಮಾಡಿ, ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗುವ ಮುನ್ನ ಟ್ಯೂರಿನ್‌ಗೆ ಮರಳಿದರು. ಕೆಲಸವಿಲ್ಲ, ಪ್ರಯೋಗಾಲಯವಿಲ್ಲ. ತಮ್ಮ ಮಲಗುವ ಕೋಣೆಯಲ್ಲೇ ಸೂಕ್ಷ್ಮದರ್ಶಕವೊಂದನ್ನು ಇರಿಸಿಕೊಂಡರು. ಹೊಲಿಗೆ ಸೂಜಿಗಳನ್ನು ಮಸೆದು ಶಸ್ತ್ರಚಿಕಿತ್ಸೆಯ ಉಪಕರಣಗಳನ್ನಾಗಿ ಮಾಡಿಕೊಂಡರು. ಪ್ರಯೋಗಕ್ಕೆ ಬೇಕಾದ ಪ್ರಾಣಿ ಎಂದರೆ ಕೋಳಿಮೊಟ್ಟೆಯೊಳಗಿನ ಭ್ರೂಣ ಮಾತ್ರ. ಹುದ್ದೆ ಕಳೆದುಕೊಂಡಿದ್ದ ಗುರು ಲೆವಿಯವರೇ ಶಿಷ್ಯೆಯ ಸಹಾಯಕರಾಗಿ ಬಂದು ಸೇರಿಕೊಂಡರು.

ಅವರ ಮುಂದಿದ್ದ ಪ್ರಶ್ನೆಯನ್ನು ಒದಗಿಸಿದ್ದು ಅಮೆರಿಕದಲ್ಲಿದ್ದ ಜರ್ಮನ್ ಮೂಲದ ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಪ್ರಕಟಿಸಿದ್ದ ಲೇಖನ. ಕೋಳಿಭ್ರೂಣದ ರೆಕ್ಕೆಯ ಮೊಳಕೆಯನ್ನು ಕತ್ತರಿಸಿ ತೆಗೆದರೆ, ಆ ರೆಕ್ಕೆಗೆ ಹೋಗಬೇಕಿದ್ದ ನರಕೋಶಗಳು ಬೆನ್ನುಹುರಿಯಲ್ಲಿ ಕಡಿಮೆಯಾಗುತ್ತವೆ. ರೆಕ್ಕೆಯಿಂದ ಬರಬೇಕಿದ್ದ ಯಾವುದೋ ಪ್ರೇರಣೆ ಇಲ್ಲದ್ದರಿಂದ ಕೋಶಗಳು ರೂಪುಗೊಳ್ಳಲೇ ಇಲ್ಲ ಎಂಬುದು ಹ್ಯಾಂಬರ್ಗರ್ ಅವರ ತರ್ಕವಾಗಿತ್ತು. ರೀಟಾ ಅದೇ ಪ್ರಯೋಗವನ್ನು ಮಾಡಿ, ಭ್ರೂಣಗಳನ್ನು ಬೇರೆಬೇರೆ ದಿನಗಳಲ್ಲಿ ಪರೀಕ್ಷಿಸುತ್ತ ಹೋದರು. ನರಕೋಶಗಳು ಹುಟ್ಟುತ್ತಿದ್ದವು, ತಂತುಗಳನ್ನು ಚಾಚುತ್ತಿದ್ದವು, ತಲುಪಬೇಕಾದ ಅಂಗ ಸಿಗದೆ ಆಮೇಲೆ ಸಾಯುತ್ತಿದ್ದವು. ಹುಟ್ಟದಿರುವುದು ಬೇರೆ, ಹುಟ್ಟಿ ಸಾಯುವುದು ಬೇರೆ. ಸಾಯುವುದಾದರೆ, ಸಾಯದಂತೆ ಕಾಪಾಡುವ ವಸ್ತುವೊಂದು ರೆಕ್ಕೆಯಲ್ಲಿ ಇರಲೇಬೇಕೆಂದಾಯಿತು. ಯಹೂದಿಗಳ ಬರಹಕ್ಕೆ ಇಟಲಿಯ ಪತ್ರಿಕೆಗಳಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಈ ಫಲಿತಾಂಶ 1942ರಲ್ಲಿ ಬೆಲ್ಜಿಯಂನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಅದೇ ವರ್ಷ ಟ್ಯೂರಿನ್ ಮೇಲೆ ಬಾಂಬ್ ದಾಳಿ ತೀವ್ರಗೊಂಡಾಗ ಕುಟುಂಬ ಹಳ್ಳಿಯ ಮನೆಯೊಂದಕ್ಕೆ ಸ್ಥಳಾಂತರಗೊಂಡಿತು. ಸೂಕ್ಷ್ಮದರ್ಶಕವೂ ಜೊತೆಗೆ ಹೋಯಿತು. ಮೊಟ್ಟೆಗಳು ದುರ್ಲಭವಾಗಿದ್ದ ಕಾಲ. ರೀಟಾ ಸೈಕಲ್ಲೇರಿ ರೈತರ ಮನೆಗಳಿಗೆ ಹೋಗಿ ಮೊಟ್ಟೆ ಬೇಡಿ ತರುತ್ತಿದ್ದರು. 1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿದ ಬಳಿಕ ಅದೂ ನಿಂತಿತು. ಫ್ಲಾರೆನ್ಸ್‌ನಲ್ಲಿ ತಲೆಮರೆಸಿಕೊಂಡು ಬದುಕಿ, ನಗರ ವಿಮೋಚನೆಗೊಂಡ ನಂತರ ನಿರಾಶ್ರಿತರ ಶಿಬಿರದಲ್ಲಿ ವೈದ್ಯೆಯಾಗಿ ದುಡಿದರು.

ಗಂತಿ, ಹಾವಿನ ವಿಷ, ಇಲಿಯ ಜೊಲ್ಲು

ಬೆಲ್ಜಿಯಂನ ಪತ್ರಿಕೆಯಲ್ಲಿ ಬಂದ ಬರಹ ಹ್ಯಾಂಬರ್ಗರ್ ಅವರ ಕಣ್ಣಿಗೆ ಬಿದ್ದಿತು. ತಮ್ಮ ತರ್ಕವನ್ನೇ ಅಲ್ಲಗಳೆದ ಸಂಶೋಧಕಿಯನ್ನು ಅವರು 1947ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿದರು. ಕೆಲವು ತಿಂಗಳಿಗೆಂದು ಹೋದ ರೀಟಾ ಅಲ್ಲಿ ಸುಮಾರು 30 ವರ್ಷ ನಂಟು ಉಳಿಸಿಕೊಂಡರು.

ಹ್ಯಾಂಬರ್ಗರ್ ಅವರ ಶಿಷ್ಯ ಎಲ್ಮರ್ ಬ್ಯೂಕರ್ ಇಲಿಯ ಕ್ಯಾನ್ಸರ್ ಗಂತಿಯೊಂದನ್ನು ಕೋಳಿಭ್ರೂಣಕ್ಕೆ ಕಸಿ ಮಾಡಿ, ನರತಂತುಗಳು ಗಂತಿಯೊಳಕ್ಕೆ ನುಗ್ಗಿ ಬೆಳೆಯುವುದನ್ನು 1948ರಲ್ಲಿ ವರದಿ ಮಾಡಿದ್ದರು. ರೀಟಾ ಅದನ್ನು ಮತ್ತೆ ಮಾಡಿ ನೋಡಿದರು. ನರಗಳು ಗಂತಿಯಲ್ಲಷ್ಟೇ ಅಲ್ಲ, ಅದರಿಂದ ದೂರದ ಅಂಗಗಳಲ್ಲೂ, ರಕ್ತನಾಳಗಳ ಒಳಗೂ ಹುಚ್ಚೆದ್ದಂತೆ ಬೆಳೆದಿದ್ದವು. ಗಂತಿಯನ್ನು ಭ್ರೂಣಕ್ಕೆ ಮುಟ್ಟಿಸದೆ ಮೊಟ್ಟೆಯ ಪೊರೆಯ ಮೇಲಿಟ್ಟಾಗಲೂ ಅದೇ ಪರಿಣಾಮ. ಅಂದರೆ ಗಂತಿ ಯಾವುದೋ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತಿದೆ.

ಇದನ್ನು ಖಚಿತಪಡಿಸಲು ಕೋಶಗಳನ್ನು ಗಾಜಿನ ಮೇಲೆ ಬೆಳೆಸುವ ಸೌಲಭ್ಯ ಬೇಕಿತ್ತು. ಅದು ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿದ್ದ ಸ್ನೇಹಿತೆ ಹರ್ತಾ ಮೇಯರ್ ಅವರಲ್ಲಿತ್ತು. 1952ರಲ್ಲಿ ಗಂತಿಯಿದ್ದ ಎರಡು ಇಲಿಗಳನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟುಕೊಂಡು ರೀಟಾ ವಿಮಾನವೇರಿದರು. ಇಂದಿನ ವಿಮಾನ ನಿಲ್ದಾಣಗಳಲ್ಲಿ ಅಂಥದೊಂದು ಸಾಹಸವನ್ನು ಊಹಿಸುವುದೂ ಕಷ್ಟ. ಗಂತಿಯ ಚೂರಿನ ಪಕ್ಕದಲ್ಲಿ ಕೋಳಿಭ್ರೂಣದ ನರಗ್ರಂಥಿಯನ್ನು ಇಟ್ಟಾಗ, ಒಂದು ದಿನದೊಳಗೆ ಅದರ ಸುತ್ತ ಸೂರ್ಯನ ಕಿರಣಗಳಂತೆ ನರತಂತುಗಳ ಪ್ರಭಾವಳಿ ಮೂಡಿತು.

ಮರುವರ್ಷ ಜೀವರಸಾಯನ ತಜ್ಞ ಸ್ಟ್ಯಾನ್ಲಿ ಕೊಹೆನ್ ತಂಡವನ್ನು ಸೇರಿದರು. ಗಂತಿಯ ರಸದಲ್ಲಿ ಕೆಲಸ ಮಾಡುತ್ತಿರುವುದು ಪ್ರೊಟೀನೋ ಅಥವಾ ನ್ಯೂಕ್ಲಿಯಿಕ್ ಆಮ್ಲವೋ ಎಂಬ ಸಂಶಯ ಉಳಿದಿತ್ತು. ನ್ಯೂಕ್ಲಿಯಿಕ್ ಆಮ್ಲವನ್ನು ತುಂಡರಿಸುವ ಕಿಣ್ವ ಹಾವಿನ ವಿಷದಲ್ಲಿ ಇರುತ್ತದೆ. ಅದನ್ನು ಬೆರೆಸಿದರೆ ಪರಿಣಾಮ ನಿಲ್ಲುವುದೇ ಎಂದು ನೋಡಹೊರಟರೆ, ನರತಂತುಗಳು ಮೊದಲಿಗಿಂತ ದಟ್ಟವಾಗಿ ಬೆಳೆದವು. ವಿಷದಲ್ಲಿಯೇ ಆ ಪದಾರ್ಥ ಗಂತಿಗಿಂತ ಹೇರಳವಾಗಿತ್ತು! ನಮ್ಮ ನಾಗರಹಾವಿನ ವಿಷದಲ್ಲಿಯೂ ಅದು ಇರುವುದು ನಂತರದ ಸಂಶೋಧನೆಗಳಿಂದ ದೃಢಪಟ್ಟಿದೆ. ಹಾವಿನ ವಿಷಗ್ರಂಥಿ ಎಂದರೆ ಮಾರ್ಪಟ್ಟ ಜೊಲ್ಲುಗ್ರಂಥಿಯೇ ಎಂಬುದನ್ನು ನೆನೆದ ಕೊಹೆನ್, ಇಲಿಯ ಜೊಲ್ಲುಗ್ರಂಥಿಯನ್ನು ಪರೀಕ್ಷಿಸಿದರು. ಗಂಡು ಇಲಿಯ ಗ್ರಂಥಿಯಲ್ಲಿ ಅದು ಮತ್ತೂ ಹೆಚ್ಚಿತ್ತು. ಹೀಗೆ ಎನ್‌ಜಿಎಫ್ ಕೈಗೆ ಸಿಕ್ಕಿತು. ಅದು ತಲಾ 118 ಅಮೈನೋ ಆಮ್ಲಗಳ ಎರಡು ಸರಪಳಿಗಳು ಜೋಡಿಗೊಂಡ ಪ್ರೊಟೀನ್ ಎಂಬ ವಿವರ 1971ರಲ್ಲಿ ಹೊರಬಿತ್ತು.

ಅತ್ಯಂತ ನಿರ್ಣಾಯಕವಾದ ಪ್ರಯೋಗ ನಡೆದದ್ದು ಎನ್‌ಜಿಎಫ್ ಕೊಟ್ಟಲ್ಲ, ಕಸಿದುಕೊಂಡು. ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ನವಜಾತ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಅನುವೇದಕ ನರಮಂಡಲ, ಅಂದರೆ ಹೃದಯ ಬಡಿತ, ರಕ್ತದೊತ್ತಡ ಮುಂತಾದವನ್ನು ನಮ್ಮರಿವಿಲ್ಲದೆ ನಿಯಂತ್ರಿಸುವ ನರಗಳ ಜಾಲ, ಬಹುತೇಕ ಅಳಿಸಿಹೋಯಿತು. ಎನ್‌ಜಿಎಫ್ ಅಲಂಕಾರಕ್ಕಿರುವ ವಸ್ತುವಲ್ಲ, ಅದಿಲ್ಲದೆ ಈ ನರಕೋಶಗಳು ಬದುಕವು ಎಂಬುದು ಸಿದ್ಧವಾಯಿತು.

ರೀಟಾ ಮತ್ತು ಕೊಹೆನ್ 1986ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಹ್ಯಾಂಬರ್ಗರ್ ಹೆಸರು ಅದರಲ್ಲಿರಲಿಲ್ಲ. ಪ್ರಶ್ನೆಯನ್ನು ಹುಟ್ಟುಹಾಕಿದವರು, ಆಹ್ವಾನಿಸಿದವರು, ಪ್ರಯೋಗಾಲಯ ಒದಗಿಸಿದವರು ಅವರೇ ಆಗಿದ್ದರಿಂದ ಈ ನಿರ್ಧಾರ ಹಲವು ವಿಜ್ಞಾನಿಗಳ ಅಸಮಾಧಾನಕ್ಕೆ ಕಾರಣವಾಯಿತು. ಆ ಅಸಮಾಧಾನದಲ್ಲಿ ಹುರುಳಿಲ್ಲದಿಲ್ಲ. ಹ್ಯಾಂಬರ್ಗರ್ 2001ರಲ್ಲಿ ನೂರು ತುಂಬಿದ ಬಳಿಕ ತೀರಿಕೊಂಡರು. ಅದೇ ವರ್ಷ ಇಟಲಿಯ ಆಜೀವ ಸೆನೆಟರ್ ಆಗಿ ನೇಮಕಗೊಂಡ ರೀಟಾ, 2012ರ ಡಿಸೆಂಬರ್ 30ರಂದು ರೋಮ್‌ನಲ್ಲಿ ನಿಧನರಾದಾಗ ಅವರಿಗೆ 103 ವರ್ಷ.

ಬದುಕಿಸುವ ಸಂದೇಶ

ಭ್ರೂಣಾವಸ್ಥೆಯಲ್ಲಿ ದೇಹ ಅಗತ್ಯಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸುತ್ತದೆ. ಹಲವು ಭಾಗಗಳಲ್ಲಿ ಅವುಗಳ ಸುಮಾರು ಅರ್ಧದಷ್ಟು ಸಾಯುತ್ತವೆ. ಚರ್ಮವೋ ಸ್ನಾಯುವೋ ಆದ ಗುರಿಯ ಅಂಗಾಂಶ ಪೋಷಕ ಪ್ರೊಟೀನನ್ನು ಮಿತವಾಗಿ ಸ್ರವಿಸುತ್ತದೆ. ಮೊದಲು ತಲುಪಿ ಪಾಲು ಪಡೆದ ನರತಂತುವಿನ ಕೋಶ ಉಳಿಯುತ್ತದೆ, ಸಿಗದಿದ್ದದ್ದು ಅಳಿಯುತ್ತದೆ. ಸ್ನಾಯು ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ನರಗಳಿರುವಂತೆ ನೋಡಿಕೊಳ್ಳಲು ಪ್ರಕೃತಿ ಕಂಡುಕೊಂಡಿರುವ ಉಪಾಯವಿದು.

ಇಲ್ಲಿ ಸಾವೆಂದರೆ ಹಸಿವಿನಿಂದ ಸೊರಗಿ ಸಾಯುವುದಲ್ಲ. ಪ್ರತಿ ನರಕೋಶದೊಳಗೂ ತನ್ನನ್ನು ತಾನೇ ಕೊಂದುಕೊಳ್ಳುವ ವ್ಯವಸ್ಥೆ ಸಿದ್ಧವಾಗಿಯೇ ಇರುತ್ತದೆ. ಅದನ್ನು ತಡೆದಿಡುವುದು ಪೋಷಕ ಪ್ರೊಟೀನಿನ ಕೆಲಸ. ನರತಂತುವಿನ ತುದಿಯಲ್ಲಿ ಟ್ರ್ಯಾಕ್ ಎಂಬ ಗ್ರಾಹಕ ಅಣುಗಳಿರುತ್ತವೆ. ಎನ್‌ಜಿಎಫ್ ಬಂದು ಅಂಟಿಕೊಂಡಾಗ ಎರಡು ಗ್ರಾಹಕಗಳು ಜೊತೆಗೂಡಿ, ಒಂದಕ್ಕೊಂದು ಫಾಸ್ಫೇಟ್ ಜೋಡಿಸಿ, ಕೋಶದೊಳಗೆ ಸಂಕೇತಗಳ ಸರಣಿಯನ್ನು ಹರಿಯಬಿಡುತ್ತವೆ. ಒಂದು ಸರಣಿ ಸಾವಿನ ವ್ಯವಸ್ಥೆಯನ್ನು ತಡೆಹಿಡಿದರೆ ಇನ್ನೊಂದು ತಂತುವಿನ ಬೆಳವಣಿಗೆಗೆ ಬೇಕಾದ ವಂಶವಾಹಿಗಳನ್ನು ಎಚ್ಚರಿಸುತ್ತದೆ.

ಕಾಲ್ಬೆರಳಿನ ಚರ್ಮದಲ್ಲಿ ಕೊನೆಗೊಳ್ಳುವ ನರದ ಕೋಶಕಾಯ ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ನಡುವಿನ ದೂರ ಸುಮಾರು ಒಂದು ಮೀಟರ್. ತುದಿಯಲ್ಲಿ ದೊರೆತ ಎನ್‌ಜಿಎಫ್ ತನ್ನ ಗ್ರಾಹಕದ ಸಮೇತ ಪುಟ್ಟ ಚೀಲವೊಂದರಲ್ಲಿ ಸೇರಿ, ತಂತುವಿನೊಳಗಿನ ಸೂಕ್ಷ್ಮ ನಳಿಕೆಗಳ ಹಳಿಯ ಮೇಲೆ, ಡೈನೀನ್ ಎಂಬ ಚಾಲಕ ಪ್ರೊಟೀನಿನಿಂದ ಎಳೆಯಲ್ಪಟ್ಟು ಕೋಶಕಾಯವನ್ನು ಮುಟ್ಟುತ್ತದೆ. ಈ ಸಾಗಾಟ ಕುಂಟಿದರೂ ಕೋಶಕ್ಕೆ ಅಪಾಯವೇ.

ಪಿ75 ಎಂಬ ಮತ್ತೊಂದು ಗ್ರಾಹಕವೂ ಇದೆ. ಎನ್‌ಜಿಎಫ್ ಮೊದಲು ಉದ್ದನೆಯ ಪೂರ್ವರೂಪದಲ್ಲಿ ತಯಾರಾಗಿ ಬಳಿಕ ಕತ್ತರಿಸಲ್ಪಡುತ್ತದೆ. ಕತ್ತರಿಸದ ಪೂರ್ವರೂಪ ಪಿ75ಕ್ಕೆ ಅಂಟಿದರೆ ಕೋಶ ಬದುಕುವ ಬದಲು ಸಾವಿನತ್ತ ಸರಿಯುತ್ತದೆ ಎಂಬುದು 2001ರಲ್ಲಿ ತಿಳಿದುಬಂತು.

ಟ್ರ್ಯಾಕ್ ಗ್ರಾಹಕ ಮೊದಲು ಪತ್ತೆಯಾದದ್ದು ದೊಡ್ಡಕರುಳಿನ ಕ್ಯಾನ್ಸರ್ ಗಂತಿಯೊಂದರಲ್ಲಿ, 1986ರಲ್ಲಿ. ಅದರ ವಂಶವಾಹಿ ತಪ್ಪಾಗಿ ಬೆಸೆದುಕೊಂಡಾಗ ಕೋಶ ಅಂಕೆಯಿಲ್ಲದೆ ಬೆಳೆಯುತ್ತದೆ. ಅಂಥ ಕ್ಯಾನ್ಸರ್‌ಗಳಿಗೆಂದೇ ರೂಪಿಸಿದ ಲ್ಯಾರೊಟ್ರೆಕ್ಟಿನಿಬ್ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು.

ಹಂದಿಯ ಮಿದುಳಿನಿಂದ ಬಂದ ಬಿಡಿಎನ್‌ಎಫ್

ಎನ್‌ಜಿಎಫ್ ಮುಖ್ಯವಾಗಿ ಮಿದುಳಿನ ಹೊರಗಿನ ನರಗಳಿಗೆ ಬೇಕು. ಮಿದುಳಿನೊಳಗೆ ಅದು ಮುನ್‌ಮಿದುಳಿನ ತಳಭಾಗದ ಕೆಲವು ಕೋಶಗಳನ್ನು ಪೋಷಿಸುತ್ತದೆ. ಅಲ್ಝೈಮರ್ ಕಾಯಿಲೆಯಲ್ಲಿ ಈ ಕೋಶಗಳೂ ನಶಿಸುತ್ತವೆ. ಮಿದುಳಿನ ಉಳಿದ ಕೋಶಗಳನ್ನು ಕಾಯುವುದು ಯಾವುದು ಎಂಬ ಪ್ರಶ್ನೆಗೆ 1982ರಲ್ಲಿ ಜರ್ಮನಿಯ ಮ್ಯೂನಿಕ್ ಸಮೀಪದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಈವ್ ಬಾರ್ಡ್, ಡೇವಿಡ್ ಎಡ್ಗರ್ ಮತ್ತು ಹಾನ್ಸ್ ಥೋನೆನ್ ಉತ್ತರ ಕೊಟ್ಟರು. ಒಂದೂವರೆ ಕಿಲೋ ಹಂದಿಯ ಮಿದುಳನ್ನು ಸಂಸ್ಕರಿಸಿದಾಗ ಅವರಿಗೆ ದೊರೆತ ಶುದ್ಧ ಪ್ರೊಟೀನ್ ಸುಮಾರು ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಮಿದುಳು ಮೂಲದ ನರಪೋಷಕ ಅಂಶ ಎಂಬ ಅರ್ಥದ ಹೆಸರಿನ ಮೊದಲಕ್ಷರಗಳಿಂದ ಅದು ಬಿಡಿಎನ್‌ಎಫ್ ಎಂದು ಪ್ರಸಿದ್ಧವಾಗಿದೆ. ಅದರ ರಚನೆ ಎನ್‌ಜಿಎಫ್ ಅನ್ನು ಬಲುಮಟ್ಟಿಗೆ ಹೋಲುತ್ತದೆ. ಇದೇ ಕುಟುಂಬದ ಇನ್ನಿಬ್ಬರು ಸದಸ್ಯರು 1990ರ ಆಸುಪಾಸಿನಲ್ಲಿ ಪತ್ತೆಯಾದರು.

ಬಿಡಿಎನ್‌ಎಫ್ ವಂಶವಾಹಿಯನ್ನು ಕಿತ್ತುಹಾಕಿದ ಇಲಿಮರಿಗಳಲ್ಲಿ ಹೆಚ್ಚಿನವು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಬದುಕಿರುವಷ್ಟು ಕಾಲವೂ ಸಮತೋಲನ ತಪ್ಪಿ ಗಿರಗಿರನೆ ಸುತ್ತುತ್ತವೆ. ಒಳಕಿವಿಯಿಂದ ಮಿದುಳಿಗೆ ಸಮತೋಲನದ ಸುದ್ದಿ ಒಯ್ಯುವ ಕೋಶಗಳು ನಾಶವಾಗಿರುವುದೇ ಇದಕ್ಕೆ ಕಾರಣ. ಬೆಳೆದ ಮಿದುಳಿನಲ್ಲಿ ಬಿಡಿಎನ್‌ಎಫ್‌ಗೆ ಮತ್ತೊಂದು ಹೊಣೆಯಿದೆ. ಎರಡು ನರಕೋಶಗಳ ನಡುವಿನ ಸಂಪರ್ಕವನ್ನು ಬಳಕೆಗೆ ತಕ್ಕಂತೆ ಬಲಪಡಿಸುವುದು ಅದರ ಕೆಲಸ. ನೆನಪು ದಾಖಲಾಗುವುದಕ್ಕೆ ಇದೇ ಆಧಾರವೆಂದು ನಂಬಲಾಗಿದೆ. ಈ ಪ್ರೊಟೀನಿನ ಪೂರ್ವರೂಪದ 66ನೆಯ ಅಮೈನೋ ಆಮ್ಲ ಕೆಲವರಲ್ಲಿ ವ್ಯಾಲಿನ್ ಬದಲು ಮೆಥಿಯೊನಿನ್ ಆಗಿರುತ್ತದೆ. ಅಂಥವರಲ್ಲಿ ಘಟನೆಗಳ ನೆನಪು ಕೊಂಚ ಕುಂದಿರಬಹುದೆಂದು 2003ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಆದರೆ ನಂತರದ ಎಲ್ಲ ಅಧ್ಯಯನಗಳೂ ಇದಕ್ಕೆ ಒಂದೇ ದನಿಯಲ್ಲಿ ಹೂಂಗುಟ್ಟಿಲ್ಲ.

ಖಿನ್ನತೆಯ ಮಾತ್ರೆಗಳು ಫಲ ನೀಡಲು ವಾರಗಟ್ಟಲೆ ಬೇಕು ಎಂಬುದು ರೋಗಿಗಳೂ ಅವರ ಮನೆಯವರೂ ಬಲ್ಲ ಸಂಗತಿ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸಿರೊಟೊನಿನ್ ಪ್ರಮಾಣ ಬದಲಾದರೂ ಮನಸ್ಸು ತಿಳಿಯಾಗಲು ಅಷ್ಟು ವಿಳಂಬವೇಕೆ? ಹಲವು ಖಿನ್ನತೆ ನಿವಾರಕಗಳು ಬಿಡಿಎನ್‌ಎಫ್‌ನ ಗ್ರಾಹಕಕ್ಕೆ ನೇರವಾಗಿ ಅಂಟಿ ಅದರ ಕೆಲಸವನ್ನು ಸುಗಮಗೊಳಿಸುತ್ತವೆ, ನರಸಂಪರ್ಕಗಳ ಮರುಜೋಡಣೆಗೆ ಸಮಯ ಹಿಡಿಯುತ್ತದೆ ಎಂಬ ವಿವರಣೆಯನ್ನು ಫಿನ್ಲೆಂಡಿನ ಏರೊ ಕ್ಯಾಸ್ಟ್ರೆನ್ ಅವರ ತಂಡ 2021ರಲ್ಲಿ ಮುಂದಿಟ್ಟಿದೆ. ಚರ್ಚೆ ಇನ್ನೂ ಮುಗಿದಿಲ್ಲ.

ನಡಿಗೆ, ಯೋಗ ಮತ್ತು ಮಾರುಕಟ್ಟೆ

ಚಕ್ರದ ಮೇಲೆ ಓಡುವ ಇಲಿಗಳ ಮಿದುಳಿನಲ್ಲಿ ಬಿಡಿಎನ್‌ಎಫ್ ತಯಾರಿ ಹೆಚ್ಚುವುದು 1995ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 120 ಮಂದಿ ವೃದ್ಧರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಿಯಮಿತವಾಗಿ ಬಿರುಸಿನ ನಡಿಗೆ ಕೈಗೊಂಡವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಕೇವಲ ಮೈಕೈ ಎಳೆದಾಡಿಸುವ ಲಘು ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಖಿನ್ನತೆಯ ರೋಗಿಗಳಲ್ಲಿ ಯೋಗಾಭ್ಯಾಸದ ಜೊತೆ ಬಿಡಿಎನ್‌ಎಫ್ ಏರಿಕೆಯನ್ನು 2013ರಲ್ಲಿ ವರದಿ ಮಾಡಿದ್ದಾರೆ. ಆದರೆ ಅಲ್ಲಿ ಯೋಗವೋ ಔಷಧಿಯೋ ಎಂಬುದನ್ನು ರೋಗಿಗಳೇ ಆಯ್ದುಕೊಂಡಿದ್ದರಾದ್ದರಿಂದ ಫಲಿತಾಂಶವನ್ನು ಅಂತಿಮವೆಂದು ಭಾವಿಸುವಂತಿಲ್ಲ.

ಇಂಥ ಅಧ್ಯಯನಗಳಲ್ಲಿ ಅಳೆಯುವುದು ರಕ್ತದಲ್ಲಿನ ಬಿಡಿಎನ್‌ಎಫ್ ಅನ್ನು. ಅದರ ಬಹುಪಾಲು ಪ್ಲೇಟ್‌ಲೆಟ್‌ಗಳಲ್ಲಿ ಶೇಖರವಾಗಿರುವಂಥದು. ಮಿದುಳಿನೊಳಗಿನ ಪ್ರಮಾಣವನ್ನು ಅದು ಎಷ್ಟರಮಟ್ಟಿಗೆ ಬಿಂಬಿಸುತ್ತದೆ ಎಂಬುದು ವಿವಾದಿತ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ ಮಿದುಳಿನ ಆರೋಗ್ಯ ತಿಳಿಯಿರಿ ಎನ್ನುವ, ಮಾತ್ರೆ ನುಂಗಿ ಬಿಡಿಎನ್‌ಎಫ್ ಹೆಚ್ಚಿಸಿಕೊಳ್ಳಿ ಎನ್ನುವ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳಬೇಕಾಗಿಲ್ಲ. ಪ್ರೊಟೀನನ್ನು ಬಾಯಿಂದ ಸೇವಿಸಿದರೆ ಬೇಳೆಯಂತೆ ಜಠರದಲ್ಲಿ ಜೀರ್ಣವಾಗುತ್ತದೆ. ಹಂದಿಯ ಮಿದುಳಿನಿಂದ ತಯಾರಿಸುವ ಸೆರೆಬ್ರೊಲೈಸಿನ್ ಎಂಬ ಚುಚ್ಚುಮದ್ದು ಪಾರ್ಶ್ವವಾಯು ರೋಗಿಗಳಿಗೆ ಭಾರತದಲ್ಲಿಯೂ ಬಳಕೆಯಾಗುತ್ತದೆ. ಲಭ್ಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆ, ಅದು ಸಾವನ್ನು ತಪ್ಪಿಸುವುದಕ್ಕೆ ಆಧಾರ ಕಾಣುತ್ತಿಲ್ಲವೆಂದು ಹೇಳಿದೆ.

ಔಷಧಿಯಾಗುವ ದಾರಿಯಲ್ಲಿ

ಸಾಯುತ್ತಿರುವ ಕೋಶವನ್ನು ಬದುಕಿಸುವ ಪ್ರೊಟೀನ್ ಕೈಯಲ್ಲಿದೆ. ಹಾಗಿದ್ದರೆ ರೋಗಿಗೆ ಕೊಟ್ಟುಬಿಡಬಾರದೇ? ಕಳೆದ ಮೂರು ದಶಕಗಳ ಅನುಭವ ಕಹಿಯಾಗಿದೆ. ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಅಳಿಯುವ ಎಎಲ್‌ಎಸ್ ಕಾಯಿಲೆಗೆ 1990ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಬಿಡಿಎನ್‌ಎಫ್ ಚುಚ್ಚುಮದ್ದನ್ನು ಪ್ರಯೋಗಿಸಲಾಯಿತು. ಅವರ ಆಯುಷ್ಯ ಹೆಚ್ಚಲಿಲ್ಲ. ಪ್ರೊಟೀನ್ ಅಣು ಗಾತ್ರದಲ್ಲಿ ದೊಡ್ಡದು. ರಕ್ತದಿಂದ ಮಿದುಳಿಗೆ ದಾಟುವ ತಡೆಗೋಡೆ ಅದನ್ನು ಒಳಬಿಡುವುದಿಲ್ಲ. ರಕ್ತದಲ್ಲಿ ಅದು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಸ್ವೀಡನ್ನಿನಲ್ಲಿ ಅಲ್ಝೈಮರ್ ರೋಗಿಗಳ ಮಿದುಳಿನ ಕುಹರಕ್ಕೇ ಎನ್‌ಜಿಎಫ್ ಹರಿಸಿದಾಗ ತೀವ್ರ ನೋವು ಮತ್ತು ತೂಕ ಇಳಿಕೆ ಕಾಣಿಸಿಕೊಂಡು ಕೈಬಿಡಬೇಕಾಯಿತು. ಬಳಿಕ ಅಮೆರಿಕದಲ್ಲಿ ಎನ್‌ಜಿಎಫ್ ವಂಶವಾಹಿಯನ್ನೇ ವೈರಸ್ ಮೂಲಕ ಮಿದುಳಿಗೆ ಸೇರಿಸಿದ ಪ್ರಯೋಗದಲ್ಲಿ 49 ರೋಗಿಗಳಿದ್ದರು. ಫಲ ದೊರೆಯಲಿಲ್ಲ. ಮರಣಾನಂತರ ಮಿದುಳುಗಳನ್ನು ಪರಿಶೀಲಿಸಿದಾಗ, ಹರಿಸಿದ ವಂಶವಾಹಿ ತಲುಪಬೇಕಾದ ಕೋಶಗಳನ್ನು ತಲುಪಿಯೇ ಇರಲಿಲ್ಲವೆಂಬುದು ಬಯಲಾಯಿತು.

ಇವೆಲ್ಲಕ್ಕಿಂತ ಮನ ಕಲಕುವುದು ಜಿಡಿಎನ್‌ಎಫ್ ಕಥೆ. ಎನ್‌ಜಿಎಫ್ ಕುಟುಂಬಕ್ಕೆ ಸೇರದ ಈ ಪ್ರೊಟೀನ್ ಡೋಪಮಿನ್ ಕೋಶಗಳನ್ನು ಕಾಯುತ್ತದೆಂಬುದು 1993ರಲ್ಲಿ ಪ್ರಕಟವಾದಾಗ ಪಾರ್ಕಿನ್ಸನ್ ರೋಗಿಗಳಲ್ಲಿ ದೊಡ್ಡ ಆಸೆ ಮೂಡಿತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಸ್ತ್ರವೈದ್ಯ ಸ್ಟೀವನ್ ಗಿಲ್ ಐವರು ರೋಗಿಗಳ ಮಿದುಳಿಗೆ ಸಪೂರ ನಳಿಕೆ ಇಳಿಸಿ ಜಿಡಿಎನ್‌ಎಫ್ ಹರಿಸಿದರು. ಅವರು ಗಣನೀಯವಾಗಿ ಚೇತರಿಸಿಕೊಂಡರೆಂದು 2003ರಲ್ಲಿ ವರದಿಯಾಯಿತು. ಆದರೆ ಅಮೆರಿಕದ ಆಮ್‌ಜೆನ್ ಕಂಪೆನಿ 34 ರೋಗಿಗಳ ಮೇಲೆ, ಅರ್ಧದಷ್ಟು ಮಂದಿಗೆ ಔಷಧಿಯಿಲ್ಲದ ದ್ರಾವಣ ಹರಿಸಿ ನಡೆಸಿದ ಪ್ರಯೋಗದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಪ್ರಮಾಣ ಕೊಟ್ಟ ಕೋತಿಗಳಲ್ಲಿ ಮಿದುಳಿಗೆ ಹಾನಿಯಾದದ್ದೂ ಕಂಡುಬಂತು. 2004ರಲ್ಲಿ ಕಂಪೆನಿ ಪ್ರಯೋಗ ನಿಲ್ಲಿಸಿತು. ತಮಗೆ ಗುಣ ಕಂಡಿದೆ, ಔಷಧಿ ಮುಂದುವರಿಸಿ ಎಂದು ಬೇಡಿಕೊಂಡ ಕೆಲವು ರೋಗಿಗಳು ನ್ಯಾಯಾಲಯದ ಮೆಟ್ಟಿಲೇರಿದರೂ ಸೋತರು. ತಲೆಬುರುಡೆಗೆ ರಂಧ್ರ ಕೊರೆಸಿಕೊಳ್ಳಲು ಒಪ್ಪಿದವರ ಅಳಲು ಒಂದು ಕಡೆ, ಸುರಕ್ಷತೆಯ ಲೆಕ್ಕಾಚಾರ ಇನ್ನೊಂದು ಕಡೆ. ಯಾರನ್ನು ತಪ್ಪಿತಸ್ಥರೆನ್ನುವುದು ಸುಲಭವಲ್ಲ.

ಬ್ರಿಸ್ಟಲ್‌ನಲ್ಲಿ ಕಿವಿಯ ಹಿಂದೆ ಅಳವಡಿಸಿದ ದ್ವಾರದ ಮೂಲಕ ನಾಲ್ಕು ವಾರಗಳಿಗೊಮ್ಮೆ ಔಷಧಿ ಹರಿಸುವ ಮತ್ತೊಂದು ಪ್ರಯೋಗ ನಡೆದು, 2019ರಲ್ಲಿ ಫಲಿತಾಂಶ ಬಂತು. ಮಿದುಳಿನ ಚಿತ್ರಗಳಲ್ಲಿ ಡೋಪಮಿನ್ ಕೋಶಗಳ ಚೇತರಿಕೆಯ ಕುರುಹು ಇತ್ತು. ಆದರೆ ಚಲನೆಯ ಪರೀಕ್ಷೆಯಲ್ಲಿ ಹುಸಿ ಔಷಧಿ ಪಡೆದವರೂ ಸುಧಾರಿಸಿದ್ದರು. ಅಂತರ ಸಾಬೀತಾಗಲಿಲ್ಲ. ಜಿಡಿಎನ್‌ಎಫ್ ವಂಶವಾಹಿಯನ್ನು ಮಿದುಳಿಗೆ ಸೇರಿಸುವ ಪ್ರಯೋಗಗಳು ಅನಂತರವೂ ಮುಂದುವರಿದಿವೆ.

ಗೆಲುವು ದೊರೆತದ್ದು ಯಾರೂ ಅಷ್ಟಾಗಿ ನಿರೀಕ್ಷಿಸದಿದ್ದ ಕಡೆ, ಕಣ್ಣಿನಲ್ಲಿ. ಕಣ್ಣಿನ ಪಾರದರ್ಶಕ ಪಟಲದ ನರಗಳು ಹಾಳಾದರೆ ಪಟಲ ಹುಣ್ಣಾಗಿ, ನೋವೇ ಗೊತ್ತಾಗದೆ ದೃಷ್ಟಿ ಹೋಗಬಹುದು. ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಮಾನವ ಎನ್‌ಜಿಎಫ್‌ನ ಸೆನೆಗರ್ಮಿನ್ ಎಂಬ ಹನಿಮದ್ದಿಗೆ ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ದಿನಕ್ಕೆ ಆರು ಬಾರಿಯಂತೆ ಎಂಟು ವಾರ ಹಾಕಿಕೊಂಡವರಲ್ಲಿ ಶೇ 70 ಮಂದಿಯ ಪಟಲ ಪೂರ್ಣ ಮಾಗಿತು. ಎನ್‌ಜಿಎಫ್ ಇಲ್ಲದ ಹನಿ ಹಾಕಿಕೊಂಡವರಲ್ಲಿ ಆ ಪ್ರಮಾಣ ಶೇ 28. ಇಲ್ಲಿ ದಾಟಬೇಕಾದ ತಡೆಗೋಡೆ ಇರಲಿಲ್ಲ. ತಯಾರಿಸಿದ್ದು ರೀಟಾ ಅವರ ದೇಶದ್ದೇ ಆದ ಡೊಂಪೆ ಕಂಪೆನಿ.

ಬೆಳೆದವರಲ್ಲಿ ಎನ್‌ಜಿಎಫ್ ನೋವಿನ ದೂತನೂ ಹೌದು. ಅದರ ಗ್ರಾಹಕದ ವಂಶವಾಹಿ ಕೆಟ್ಟು ಹುಟ್ಟಿದ ಮಕ್ಕಳಿಗೆ ನೋವೇ ತಿಳಿಯದು, ಬೆವರೂ ಬಾರದು. ಸುಟ್ಟರೂ ಮೂಳೆ ಮುರಿದರೂ ಅರಿವಾಗದೆ ಅವರು ಅಪಾಯಕ್ಕೀಡಾಗುತ್ತಾರೆ. ಎನ್‌ಜಿಎಫ್ ಅನ್ನು ಕಟ್ಟಿಹಾಕಿದರೆ ಮಂಡಿನೋವು ತಗ್ಗೀತೆಂಬ ಲೆಕ್ಕದಲ್ಲಿ ತಯಾರಾದ ಟ್ಯಾನಿಜುಮಾಬ್ ನೋವನ್ನೇನೋ ಇಳಿಸಿತು. ಆದರೆ ಕೆಲವು ರೋಗಿಗಳಲ್ಲಿ ಕೀಲು ವೇಗವಾಗಿ ಸವೆಯಿತು. 2021ರಲ್ಲಿ ಅಮೆರಿಕದ ತಜ್ಞರ ಸಮಿತಿ ಅದನ್ನು 19-1 ಮತಗಳಿಂದ ತಿರಸ್ಕರಿಸಿತು. ಇದೇ ಬಗೆಯ ಔಷಧಿಗಳು ಸಂಧಿವಾತದಿಂದ ನರಳುವ ನಾಯಿ ಮತ್ತು ಬೆಕ್ಕುಗಳಿಗೆ ಅನುಮತಿ ಪಡೆದು ವಿದೇಶಗಳ ಪಶುವೈದ್ಯರ ಬಳಿ ಬಳಕೆಗೆ ಬಂದಿವೆ.